ರೋಲರ್ ಕೋಸ್ಟರ್ ಬೋಗಿಯೂ ಕ್ರೇನೂ

ಇಡಿಯಾಗಿ ಸಿಕ್ಕರೆ ಹೋಟೆಲಿನ ತೋಟಕ್ಕೆ ಬೆಂಚು, ಮುರಿದರೆ ಗುಜರಿಗೆ. ಮುಚ್ಚಿಹೋದ ಪಾರ್ಕಿನ ರೋಲರ್ ಕೋಸ್ಟರ್ ಬೋಗಿಗೆ ಕುದುರಿದ ವ್ಯಾಪಾರ ಇಷ್ಟೇ.

ಲಾರಿಗೇರಿಸಲು ಕ್ರೇನ್ ಅದನ್ನು ಎತ್ತಿತು. ಎತ್ತರ ತಲುಪಿದ್ದೇ ತಡ, ಬೋಗಿ ಹೇಳಿತು: "ಕ್ರೇನಣ್ಣ, ಇಷ್ಟು ಮೇಲೆ ಬಂದಾಗಲೇ ಮಕ್ಕಳು ನನ್ನ ಕಂಬಿಯನ್ನು ಬಿಗಿಯಾಗಿ ಹಿಡಿಯುತ್ತಿದ್ದರು. ಒಂದೇ ಒಂದು ಸಲ ಬಿಟ್ಟುಬಿಡು."

"ತಲೆ ಕೆಟ್ಟಿದೆಯೇನೋ? ತೋಟದಲ್ಲಿ ನೆರಳಿದೆ, ದಿನಾ ಒರೆಸುತ್ತಾರೆ."

"ಅಲ್ಲಿ ಕೂತವರು ಕಾಫಿ ಕುಡಿದು ಎದ್ದುಹೋಗುತ್ತಾರೆ. ಒಬ್ಬರೂ ಕಿರುಚುವುದಿಲ್ಲ."

"ಬಿದ್ದರೆ ಚೂರಾಗುತ್ತೀಯ. ನಷ್ಟ ನಿನ್ನದೇ."

"ಆಗಲಿ, ಬಿಡಣ್ಣ."

ಕ್ರೇನ್ ಬಿಟ್ಟಿತು. ಇಷ್ಟು ವರ್ಷ ಮಕ್ಕಳಿಂದ ಕೇಳಿದ್ದ ಕೂಗನ್ನು ಬೋಗಿ ಈ ಸಲ ತಾನೇ ಕೂಗಿತು.

ಕೊನೆಗೆ ಹೋಟೆಲಿಗೆ ಏನೂ ಸಿಗಲಿಲ್ಲ. ಗುಜರಿಯವನಿಗೆ ಒಂದು ರಾಶಿ ಕಬ್ಬಿಣ ಸಿಕ್ಕಿತು. ಬೋಗಿಗೆ ಒಂದು ಇಳಿತ.