ಐವತ್ತು ದಾಟಿದ ಹುಡುಗ

ತೆರಿಗೆ ವಸೂಲಿಗೆ ಬಂದ ಪಾರುಪತ್ಯಗಾರರು ಕುಂಬಾರ ಸಣ್ಣೀರಯ್ಯನ ಮನೆ ಮುಂದೆ ಕುದುರೆ ನಿಲ್ಲಿಸಿ, ಪಟ್ಟಿ ಬಿಚ್ಚಿ ಲೇಖಣಿ ಹಿಡಿದರು. "ಹೊಸ ಅಪ್ಪಣೆಯಾಗಿದೆ. ಮದುವೆಯಾದ ಗಂಡಸಿಗೆ ಒಂದು ಪಾಲು ತೆರಿಗೆ, ಆಗದವನಿಗೆ ಎರಡು. ಕೊಡದಿದ್ದರೆ ನಿನ್ನ ತಿಗರಿ ಜಪ್ತಿ."

ಐವತ್ತು ದಾಟಿದರೂ ಸಣ್ಣೀರಯ್ಯನಿಗೆ ಮದುವೆಯಾಗಿರಲಿಲ್ಲ. ತಿರುಗುವ ತಿಗರಿಯಿಂದ ಅವನು ಕೈ ತೆಗೆಯಲಿಲ್ಲ.

"ಬುದ್ಧಿ, ಹೋದ ವಾರ ನನ್ನನ್ನು ಪಂಚಾಯ್ತಿ ಕಟ್ಟೆಯಿಂದ ಇಳಿಸಿದ್ದು ಯಾಕೆ?"

"ಮದುವೆಯಾಗದವನು ಹುಡುಗ. ಗಂಡಸರ ಸಾಲಲ್ಲಿ ಕೂರೋ ಹಾಗಿಲ್ಲ."

"ಹುಡುಗರಿಗೆ ಯಾವ ಊರಲ್ಲಿ ತೆರಿಗೆ ಹಾಕ್ತಾರೆ? ಗಂಡಸು ಅಂತಲೇ ಬರೆಯಿರಿ, ಎರಡು ಪಾಲೂ ಕೊಡ್ತೀನಿ. ನಾಳೆ ಕಟ್ಟೆ ಮೇಲೆ ನಿಮ್ಮ ಪಕ್ಕದಲ್ಲೇ ಎರಡಾಳಿನ ಜಾಗ ಹಿಡಿದು ಕೂರ್ತೀನಿ."

ಕುಂಬಾರನಿಗೆ ಕಟ್ಟೆಯಲ್ಲಿ ಜಾಗ ಬಿಡುವುದೇ? ಪಾರುಪತ್ಯಗಾರರ ಲೇಖಣಿ ಅಲ್ಲೇ ನಿಂತಿತು. ಮುಖ ಮಡಕೆಯಂತೆ ಊದಿತು.

ಆ ವರ್ಷದ ಪಟ್ಟಿಯಲ್ಲಿ ಸಣ್ಣೀರಯ್ಯನ ಹೆಸರು ತೆರಿಗೆಯಿಲ್ಲದ ಮಕ್ಕಳ ಸಾಲಿನಲ್ಲಿತ್ತು.