ಮಂಚಮ್ಮನ ಅಕ್ಕಡಿ ಸಾಲು

ಬಾ ಮಗಾ, ಕಂಬಳಿ ಹೊದ್ಕೊ, ಕಣ್ಣು ಮುಚ್ಕೊಂಡೇ ಕೇಳು. ಒಂದಾನೊಂದು ಕಾಲದಲ್ಲಿ, ನಮ್ ಸೀಮೆಗೆ ಕಾಲುವೆ ನೀರು ಇನ್ನೂ ಬರದೆ ಎಲ್ರೂ ಮಳೆ ನಂಬ್ಕೊಂಡು ರಾಗಿ ಬೆಳೀತಿದ್ದ ಕಾಲದಲ್ಲಿ, ಕಾಳೇಗೌಡ ಅಂತ ಒಬ್ಬ ಇದ್ನಂತೆ. ಅವನಿಗೆ ಮೂರು ಜನ ಗಂಡುಮಕ್ಕಳು, ಮೂರು ಜನ ಸೊಸೆಯಂದಿರು, ಕಣಜದ ತುಂಬ ರಾಗಿ, ಕೊಟ್ಟಿಗೆ ತುಂಬ ದನ. ಊರೆಲ್ಲ ಅವನ ಮನೇನ ಉಂಡುಟ್ಟು ಸುಖವಾಗಿರೋ ಮನೆ ಅನ್ನೋದಂತೆ. ಉಣ್ತಿದ್ದೋರು ಯಾರು ಅಂತ ಒಬ್ರಾದ್ರೂ ಕೇಳಿದ್ರಾ? ಇಲ್ಲ.

ಆ ಮನೇಲಿ ಮೊದ್ಲು ಗಂಡಸರು ಉಣ್ಬೇಕು. ಬಿಸಿ ಮುದ್ದೆ, ಮೇಲೆ ತುಪ್ಪ, ಸಾರಿನ ತಳದ ಕಾಳೆಲ್ಲ ಅವರ ತಟ್ಟೆಗೆ. ಆಮೇಲೆ ಆಳುಗಳು. ಎಲ್ರದ್ದೂ ಆದ್ಮೇಲೆ ಅತ್ತೆ ಹೊಂಬಾಳಮ್ಮನೂ ಸೊಸೆಯಂದಿರೂ ಕೂತ್ಕೋಬೇಕು, ಅಷ್ಟೊತ್ತಿಗೆ ಮುದ್ದೆ ಆರಿ ಕಲ್ಲಾಗಿರೋದು, ಸಾರು ನೀರಾಗಿರೋದು. ಹಾಲು ಕರೆಯೋರು ಅವರು, ಮಜ್ಜಿಗೆ ಕಡೆಯೋರು ಅವರು, ಅವರ ಬಾಯಿಗೆ ಮಾತ್ರ ಒಂದು ಗುಟುಕು ಇಲ್ಲ.

ಆದ್ರೂ ಹೆಂಗೋ ಬದುಕ್ತಿದ್ರಂತೆ, ಯಾಕಂದ್ರೆ ಅಕ್ಕಡಿ ಸಾಲು ಇತ್ತು. ಏಳು ಸಾಲು ರಾಗಿ ಬಿತ್ತಿ, ಒಂದು ಸಾಲಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಬೆರೆಸಿ ಬಿಡೋದು, ಅದೇ ಅಕ್ಕಡಿ. ಅದು ಹೆಂಗಸರ ಪಾಲು. ಕಳೆ ಕೀಳೋಕೆ ಹೋದೋರು ಸೊಪ್ಪು ಚಿವುಟಿ, ಎಳೆಕಾಯಿ ಕಿತ್ತು ಮಡಿಲು ತುಂಬ್ಕೊಂಡು ಬರೋರು. ಹಂಗಿರೋವಾಗ ಒಂದು ವರ್ಷ ಕಾಳೇಗೌಡ ಏನಂದ್ನಂತೆ, ಈ ಅಕ್ಕಡಿ ರಾಗಿಯ ಸಾರ ಹೀರುತ್ತೆ, ಇನ್ಮೇಲೆ ಹೊಲದ ತುಂಬ ರಾಗಿ ಒಂದೇ, ಗಾಡಿಗಟ್ಟಲೆ ಸಂತೆಗೆ ಹೊಡೀತೀನಿ ಅಂದ್ನಂತೆ. ಯಾರನ್ನೂ ಕೇಳ್ಲಿಲ್ಲ. ಕೇಳೋದ್ಯಾಕೆ, ಹೊಲ ಅವಂದು!

ಆಮೇಲೆ ಎರಡು ವರ್ಷಕ್ಕೆ ಹಿರಿ ಸೊಸೆ ದೇವೀರಮ್ಮ ಹೆರಿಗೇಲಿ ಸತ್ತೋದ್ಲಂತೆ, ಕೂಸೂ ಉಳೀಲಿಲ್ಲ. ಮೈಯಲ್ಲಿ ರಕ್ತವೇ ಇರ್ಲಿಲ್ಲ, ಅಂಗೈ ಸುಣ್ಣದ ಥರ ಬೆಳ್ಳಗಿತ್ತು ಅಂದ್ಲಂತೆ ಸೂಲಗಿತ್ತಿ. ಊರೋರು ಹಣೆಬರಹ ಅಂದ್ರು. ಹಣೆಬರಹವಂತೆ, ಹಣೆಬರಹ! ಕಣಜದ ತುಂಬ ರಾಗಿ ಇಟ್ಕೊಂಡು ಸಾಯೋ ಹಣೆಬರಹ ಯಾವ ದೇವ್ರು ಬರೀತಾನೆ, ನೀನೇ ಹೇಳು.

ಕಿರಿ ಸೊಸೆ ಮಂಚಮ್ಮ ಆ ಮನೆಗೆ ಬಂದು ಆಗಿನ್ನೂ ಆರು ತಿಂಗಳಾಗಿತ್ತಂತೆ. ಒಂದಿನ ಹಿತ್ತಿಲಿಗೆ ಹೋಗ್ತಾಳೆ, ನಡುವಿನ ಸೊಸೆ ಜವರಮ್ಮ ಗೋಡೆ ಮಗ್ಗುಲಲ್ಲಿ ಕೂತು ಉಗುರಲ್ಲಿ ಮಣ್ಣು ಕೆರ್ಕೊಂಡು ಬಾಯಿಗೆ ಹಾಕ್ಕೊತಾ ಇದ್ಲಂತೆ. ಅಕ್ಕಾ, ಇದೇನು ಮಾಡ್ತಿದ್ದೀಯ ಅಂದ್ರೆ, ಏನೋ ಕಣೇ, ಮಣ್ಣು ತಿನ್ಬೇಕು ಅನ್ಸುತ್ತೆ, ಮೂರು ತಿಂಗಳು ನನಗೆ, ದೇವೀರಕ್ಕನೂ ಹಿಂಗೇ ತಿಂತಿದ್ಲು ಅಂತ ಅತ್ಲಂತೆ. ಮಂಚಮ್ಮ ಅವಳ ಕಣ್ಣ ರೆಪ್ಪೆ ಕೆಳಗೆ ಎಳೆದು ನೋಡಿದ್ಲು. ಒಳಗೆ ಬೆಳ್ಳಗೆ. ಇವಳೂ ಹೋಗ್ತಾಳೆ, ಆಮೇಲೆ ನಾನು, ನಮ್ಮನ್ನ ಹೊತ್ಕೊಂಡೋದ ದಾರೀಲೇ ಇವ್ರು ಇನ್ನೊಬ್ಬ ಸೊಸೆ ತರ್ತಾರೆ ಅಂತ ಮಂಚಮ್ಮನಿಗೆ ಅನ್ನಿಸ್ತಂತೆ.

ಅಕ್ಕಡಿ ಸೊಪ್ಪು ಕಾಳು ನಿಂತ್ಮೇಲೇ ಹಿಂಗಾಗಿರೋದು ಅಂತ ಗಂಡ ಚೆಲುವನಿಗೆ ಹೇಳಿದ್ರೆ, ಅಪ್ಪನ ಮಾತು ಮೀರೋಕಾಗ್ತದಾ ಅಂತ ತಲೆ ಕೆರ್ಕೊಂಡ. ಅತ್ತೆಗೆ ಹೇಳಿದ್ರೆ, ನಾವೆಲ್ಲ ಹಿಂಗೇ ಬಾಳ್ಲಿಲ್ವಾ, ಸುಮ್ಕಿರು ಅಂದ್ಲು. ಆಮೇಲೆ ಮಂಚಮ್ಮ ಸೆರಗು ಬಿಗಿದು ಸೀದಾ ಜಗಲಿಗೆ ಬಂದು, ಮಾವಯ್ಯ, ನಮ್ಮ ಅಕ್ಕಡಿ ಸಾಲು ನಮಗೆ ಕೊಡಿ ಅಂದ್ಲಂತೆ.

ಕಾಳೇಗೌಡ ಹೊಟ್ಟೆ ಕುಲುಕಿಸ್ಕೊಂಡು ನಕ್ನಂತೆ. ಏನಮ್ಮಿ, ಬೇಸಾಯ ಅಂದ್ರೆ ಒಲೆ ಉರಿಸಿದ ಹಂಗಾ? ಹೊಲದ ಮೂಲೇಲಿ ಕಲ್ಲುದಿಬ್ಬ ಇದೆ, ಎತ್ತು ನೇಗಿಲು ಮುಟ್ಟದೆ ಅದರಲ್ಲಿ ಹಸಿರು ತೋರ್ಸು, ಆಮೇಲೆ ಮಾತಾಡು ಅಂದ್ನಂತೆ. ಹೆಂಗಸು ನೇಗಿಲು ಮುಟ್ಟಿದ್ರೆ ಮಳೆ ಹೋಗ್ತದಂತೆ ನೋಡು. ಹೆಂಗಸು ಹಸ್ಕೊಂಡು ಸತ್ರೆ ಮಳೆ ಹೋಗಲ್ವಂತೆ!

ಮಂಚಮ್ಮ ಗುದ್ದಲಿ ತಗೊಂಡ್ಲು. ಕಲ್ಲು ಆರಿಸಿ ಬದು ಕಟ್ಟಿದ್ಲು, ಬುಟ್ಟಿ ಬುಟ್ಟಿ ತಿಪ್ಪೆಗೊಬ್ಬರ ಹೊತ್ತು ಸುರಿದ್ಲು, ಅತ್ತೆ ಬೂದೀಲಿ ಕಲಸಿ ಗುಡಾಣದಲ್ಲಿಟ್ಟಿದ್ದ ಅಲಸಂದೆ, ಅವರೆ ಬೀಜ ಬೇಡಿ ತಂದು ಊರಿದ್ಲು, ದಂಟಿನ ಬೀಜ ಚೆಲ್ಲಿದ್ಲು, ಬದುವಿನ ಮೇಲೆ ನುಗ್ಗೆಕೊಂಬೆ ನೆಟ್ಲು. ತಿಂಗಳೊಪ್ಪತ್ತಿಗೆ ದಿಬ್ಬ ಹಸಿರಾಯ್ತಂತೆ.

ಮಾತು ಉಳಿಸ್ಕೊಂಡ್ನಾ ಕಾಳೇಗೌಡ? ಎಲ್ಲಿಂದ! ಸರಿ, ಹಸಿರು ಬಂತು, ಮನೆಗೆಲಸ ಒಂದೂ ಬಿಡದೆ ಅದಕ್ಕೆ ಕಾಯಿ ಕಚ್ಚಿಸು ನೋಡೋಣ, ಒಂದಿನ ಮುದ್ದೆ ತಡ ಆದ್ರೂ ದಿಬ್ಬಕ್ಕೆ ದನ ಬಿಡ್ತೀನಿ ಅಂದ್ನಂತೆ. ಅದನ್ನೂ ಮಾಡಿದ್ಲು ಕಣ್ ಮಗಾ. ಕೋಳಿ ಕೂಗೋಕೆ ಮುಂಚೆ ರಾಗಿ ಬೀಸೋಳು, ಕೊಟ್ಟಿಗೆ ಬಾಚೋಳು, ಮುದ್ದೆ ತಿರುವೋಳು, ಪಾತ್ರೆ ತೊಳೆದ ನೀರನ್ನ ಕೊಡದಲ್ಲಿ ಹೊತ್ತು ಗಿಡಕ್ಕೆ ಹುಯ್ಯೋಳು. ದಿನಾ ಸಾಯಂಕಾಲ ಜವರಮ್ಮನಿಗೆ ಒಂದು ಹಿಡಿ ಸೊಪ್ಪು ಬೇಯಿಸಿ ಮರೆಯಲ್ಲಿ ತಿನ್ನಿಸೋಳು. ಮರೆಯಲ್ಲಿ! ತನ್ನ ಮನೇಲಿ ತಾನು ಬೆಳೆದಿದ್ದನ್ನ ಕಳ್ಳಿ ಥರ ತಿನ್ಬೇಕಿತ್ತು.

ಆಮೇಲೆ ಅಲಸಂದೆ ಕಾಯಿ ಗೊಂಚಲು ಗೊಂಚಲು ಬಿಡ್ತಂತೆ. ಮಂಚಮ್ಮ ಮೊದಲ ಬುಟ್ಟಿ ಕಿತ್ತು ತಂದು ಪಡಸಾಲೇಲಿ ಇಟ್ಲು. ಕಾಳೇಗೌಡ ನೋಡಿದವನೇ ಆಳನ್ನ ಕರೆದು, ಇದನ್ನ ಸಂತೆಗೆ ಹೊತ್ಕೊಂಡೋಗು, ಒಳ್ಳೆ ಬೆಲೆ ಬರುತ್ತೆ ಅಂದ್ಬಿಟ್ನಂತೆ! ಮಾವಯ್ಯ, ಇದು ಜವರಕ್ಕನಿಗೆ ಅಂದ್ರೆ, ದಿಬ್ಬ ಯಾರ್ದು, ಗೊಬ್ಬರ ಯಾರ್ದು, ನೀವೇನು ಕಡಿದು ಕಟ್ಟೆ ಹಾಕ್ತೀರಿ ಮನೇಲಿ, ಕೂತ್ಕೊಂಡು ತಿನ್ನೋರು, ನಿಮ್ಮ ಕೆಲಸಾನ ಗಂಡಸರು ಎಡಗೈಲಿ ಮಾಡ್ತಾರೆ ಅಂದ್ನಂತೆ.

ಆಗ ಒಂದು ಕೆಲಸ ಆಯ್ತು. ಮೂಲೇಲಿ ಕೂತಿದ್ದ ಹೊಂಬಾಳಮ್ಮ ಎದ್ಲು. ನಲವತ್ತೈದು ವರ್ಷದಲ್ಲಿ ಗಂಡನಿಗೆ ಎದುರು ಮಾತಾಡಿದೋಳಲ್ಲ. ಬಂದು ಬುಟ್ಟಿ ಮೇಲೆ ಕೈ ಇಟ್ಟು ಹೇಳಿದ್ಲಂತೆ.

"ಏಳು ಹೆತ್ತೆ ನಾನು. ಗಂಡು ಮೂರೂ ಉಳಿದ್ವು, ಹೆಣ್ಣು ನಾಲ್ಕೂ ಮಣ್ಣಿಗೆ ಹೋದ್ವು. ದೇವೀರಿನೂ ಹೋದ್ಲು. ಈ ಬುಟ್ಟಿ ಹೊಸ್ತಿಲು ದಾಟಿದ್ರೆ ನಾನೂ ದಾಟ್ತೀನಿ."

ಆಳು ಬುಟ್ಟಿ ಮುಟ್ಟಲಿಲ್ಲ. ಮಂಚಮ್ಮನೂ ಬಿಡ್ಲಿಲ್ಲ. ಮಾವಯ್ಯ, ಎರಡು ಪರೀಕ್ಷೆ ನೀವು ಇಟ್ರಿ, ಮೂರನೇದು ನಮ್ದು, ಎಡಗೈ ಕೆಲಸ ಅಂದ್ರಲ್ಲ, ಮೂರೇ ದಿನ ಮಾಡಿ ತೋರ್ಸಿ, ಗೆದ್ರೆ ದಿಬ್ಬಾನೂ ನಿಮ್ದು, ಸೋತ್ರೆ ಅಕ್ಕಡಿ ಸಾಲೂ ನಮ್ದು ಅಂದ್ಲಂತೆ. ಮಕ್ಕಳ ಮುಂದೆ ಆಗಲ್ಲ ಅನ್ನೋಕಾಗ್ತದಾ? ಹೂಂ ಅಂದ.

ಮೊದಲ ದಿನ ಗಂಡಸರು ಬೀಸೋಕಲ್ಲಿಗೆ ಕೂತ್ರು. ಅಂಗೈ ಬೊಬ್ಬೆ ಬಂತು, ಹಿಟ್ಟು ಮರಳಿನಂತಾಯ್ತು, ಮುದ್ದೆ ಗಂಟು ಗಂಟಾಗಿ, ಕಾಳೇಗೌಡ ನುಂಗೋಕೂ ಆಗದೆ ಉಗಿಯೋಕೂ ಆಗದೆ ಕೂತಿದ್ನಂತೆ. ಎರಡನೇ ದಿನ ಹೊಲಕ್ಕೆ ಕಳೆ ಕೀಳೋಕೆ ಹೋದ್ರು. ಕಾಡುರಾಗಿ ಅಂತ ಒಂದು ಕಳೆ ಇದೆ ಮಗಾ, ಥೇಟು ರಾಗಿ ಪೈರಿನಂಗೇ ಇರ್ತದೆ, ಬಗ್ಗಿ ಬಗ್ಗಿ ಸೊಂಟ ಬಿದ್ದ ಹೆಂಗಸಿಗೆ ಮಾತ್ರ ಗೊತ್ತಾಗೋದು. ಇವ್ರು ರಾಗಿ ಕಿತ್ತು ಕಾಡುರಾಗಿ ಬಿಟ್ಕೊಂಡು ಬಂದ್ರಂತೆ! ನಾಲ್ಕು ಸಾಲು ಬೋಳಾಯ್ತು. ಚೆಲುವ ಸಂಜೆ ಬಂದು ಹೆಂಡ್ತಿ ಮುಂದೆ ತಲೆ ತಗ್ಗಿಸಿ, ನೀನು ದಿನಾ ಇದನ್ನೆಲ್ಲ ಅರೆಹೊಟ್ಟೇಲಿ ಮಾಡ್ತಿದ್ಯಾ ಅಂದ್ನಂತೆ.

ಮೂರನೇ ದಿನ ಬೆಳಗ್ಗೆ ಕಾಳೇಗೌಡ ಹೊಲದ ಬದುವಿನ ಮೇಲೆ ನಿಂತು ಬೋಳು ಸಾಲು ನೋಡ್ದ. ಇನ್ನೊಂದು ದಿನ ಬಿಟ್ರೆ ಬೆಳೆಯೇ ಇಲ್ಲ ಅಂತ ಅರ್ಥ ಆಯ್ತು. ತಾನೇ ಮನೆಗೆ ಬಂದು, ಆಯ್ತು ಕಣಮ್ಮಿ, ದಿಬ್ಬ ನಿಮ್ದು, ಮುಂದಿನ ವರ್ಷದಿಂದ ಅಕ್ಕಡಿ ಸಾಲೂ ನಿಮ್ದು ಅಂದ್ನಂತೆ. ಬರೀ ಅಷ್ಟಕ್ಕೆ ಒಪ್ಕೋತಾಳಾ ಮಂಚಮ್ಮ? ಇವತ್ತಿಂದ ಎಲ್ರೂ ಒಂದೇ ಸಲ ಉಣ್ಣೋದು, ಬಸುರಿಗೆ ಮೊದಲು ಬಡಿಸೋದು ಅಂದ್ಲು. ಅದಕ್ಕೂ ಹೂಂ ಅಂದ.

ಅವತ್ತು ಮಧ್ಯಾಹ್ನ ಅಲಸಂದೆಕಾಳಿನ ಸಾರು, ದಂಟಿನ ಸೊಪ್ಪಿನ ಪಲ್ಯ. ಹೊಂಬಾಳಮ್ಮನ ತಟ್ಟೆಗೆ ಹಬೆ ಆಡೋ ಮುದ್ದೆ ಬಿತ್ತು. ಮುರಿಯೋಕೆ ಹೋಗಿ ಹಾ ಅಂತ ಬೆರಳು ಹಿಂದಕ್ಕೆ ಎಳ್ಕೊಂಡ್ಲಂತೆ. ಈ ಮನೆಗೆ ಕಾಲಿಟ್ಟ ಮೇಲೆ ಬಿಸಿ ಮುದ್ದೆ ಕಟ್ಟಿ ಬಡಿಸಿದ್ದಷ್ಟೇ, ಒಂದಿನವಾದ್ರೂ ಮುರಿದು ಉಂಡಿದ್ರೆ ತಾನೇ ಗೊತ್ತಿರೋದು? ಮಂಚಮ್ಮ ಅತ್ತೆ ಬೆರಳು ಹಿಡಿದು ಊದಿದ್ಲು, ಇಬ್ರೂ ಅತ್ಕೊಂಡೇ ಉಂಡ್ರಂತೆ.

ಆಮೇಲೆ ಮಾಘ ಮಾಸದಲ್ಲಿ ಜವರಮ್ಮ ಹೆಣ್ಣು ಹೆತ್ಲು. ಊರು ಕೇಳೋ ಹಂಗೆ ಕಿರುಚ್ಕೊಂಡು ಬಂತಂತೆ ಕೂಸು, ತಾಯಿನೂ ಎದ್ದು ಕೂತ್ಲು. ಮುಂದಿನ ಮುಂಗಾರಿಗೆ ಹೊಲದ ತುಂಬ ರಾಗಿ ನಡುನಡುವೆ ಅಕ್ಕಡಿ ಸಾಲು, ಬೀಜ ಹಾಕಿದ್ದು ಹೆಂಗಸರೇ, ಕೊಯ್ಲು ಮಾಡಿ ಕಾಳು ಒಳಕ್ಕೆ ತಂದಿದ್ದೂ ಅವರೇ.

ಕಾಳೇಗೌಡ? ಅವನು ಅರಳಿಕಟ್ಟೆ ಮೇಲೆ ಕೂತು, ಅಕ್ಕಡಿ ಹಾಕಿ ಕಣ್ರಯ್ಯ, ಮನೆ ಹೆಣ್ಣುಮಕ್ಕಳಿಗೆ ಒಳ್ಳೇದು, ನಾನೇ ಯೋಚ್ನೆ ಮಾಡಿ ಹಾಕ್ಸಿದ್ದು ಅಂತ ಹೇಳ್ಕೊಂಡು ತಿರುಗ್ತಿದ್ನಂತೆ. ನಾನೇ ಅಂತೆ! ಕೇಳ್ದೋರು ಭಲೇ ಗೌಡ್ರೇ ಅಂದ್ರಂತೆ. ಮಂಚಮ್ಮನಿಗೆ ಅದು ಕಿವಿಗೆ ಬಿತ್ತು. ಅವಳು ಜವರಮ್ಮನ ಕೂಸನ್ನ ಸೊಂಟಕ್ಕೆ ಏರ್ಸ್ಕೊಂಡು ಸೀದಾ ಅರಳಿಕಟ್ಟೆಗೆ ಹೋಗಿ, ಎಲ್ಲರ ಮುಂದೆ, ಮಾವಯ್ಯ, ಆ ನಾಲ್ಕು ಸಾಲು ರಾಗಿ ಕಿತ್ತ ಕತೇನೂ ಹೇಳಿ ಅಂದ್ಲಂತೆ.

ಕತೆ ಮುಗೀತು ಕಣ್ ಮಗಾ. ಅವ್ರೆಲ್ಲ ಅಲ್ಲಿ ಹೊಟ್ಟೆ ತುಂಬ ಉಂಡು ಮಲಗಿದ್ರು, ನೀನೂ ಮಲಗು.