ದೇವಿಯನ್ನು ಬಚ್ಚಿಟ್ಟ ಅಳಿಲಮ್ಮ

ಕಾಡಿನ ಭಕ್ತಿಪತ್ರಿಕೆಗೆ ಅಳಿಲಮ್ಮ ಸಂಪಾದಕಿ, ಗೀಜಗ ಪುಟ ಕಟ್ಟುವವನು. ಬರಹ, ಚಿತ್ರಗಳೆಲ್ಲ ಇಬ್ಬರೂ ತೆರೆಯಬಹುದಾದ ಒಂದೇ ಆನ್‌ಲೈನ್ ಫೋಲ್ಡರಿನಲ್ಲಿ ಇರುತ್ತಿದ್ದವು. ನವರಾತ್ರಿ ಸಂಚಿಕೆ ಮುದ್ರಣಕ್ಕೆ ಹೊರಡುವ ಹೊತ್ತಿಗೆ ಗೀಜಗ ಕೂಗಿದ:

“ಅಳಿಲಕ್ಕಾ, ಮುಖಪುಟದಲ್ಲಿ ದೇವಿಯೇ ಇಲ್ಲ! ಬರೀ ಖಾಲಿ ಚೌಕ!”

ಅಳಿಲಮ್ಮ ಓಡಿಬಂದು ಪುಟ ನೋಡಿದಳು. “ಯಾರಾದರೂ ಅಳಿಸಿಬಿಟ್ಟಾರೆಂದು ಚಿತ್ರವನ್ನು ನನ್ನ ಸ್ವಂತ ಫೋಲ್ಡರಿಗೆ ಸಾಗಿಸಿದ್ದೆ, ತಮ್ಮಾ. ಕ್ಷೇಮವಾಗಿದ್ದಾಳೆ.”

“ಕ್ಷೇಮವೇ ಸರಿ. ಪುಟ ಮಾತ್ರ ಅವಳನ್ನು ಹಳೆಯ ಜಾಗದಲ್ಲೇ ಹುಡುಕುತ್ತದೆ, ನಿನ್ನ ಪೊಟರೆಯಲ್ಲಲ್ಲ!”

ಅಳಿಲಮ್ಮ ಚಿತ್ರವನ್ನು ಮೊದಲಿದ್ದಲ್ಲಿಗೇ ಮರಳಿಸಿದಳು. ಜಗನ್ಮಾತೆಯ ದಯೆ, ಚೌಕ ತುಂಬಿತು. ಅವಳು ಪುಟ್ಟ ಕೈ ಜೋಡಿಸಿದಳು: “ತಾಯೀ, ಕಾಯುತ್ತೇನೆಂದು ಹೋಗಿ ನಿನ್ನನ್ನು ಪೀಠದಿಂದಲೇ ಎಬ್ಬಿಸಿಬಿಟ್ಟೆನಲ್ಲ!”

“ಅವಳು ಮುನಿಯುವವಳಲ್ಲ, ಅಕ್ಕಾ,” ಗೀಜಗ ನಕ್ಕ. “ಪ್ರೆಸ್ಸಿನವರು ಮುನಿಯುವ ಮೊದಲು ಕಳಿಸೋಣ.”